ಯಾವ ಬ್ಲಾಕ್?

"ಯಾವ ಬ್ಲಾಕ್ ಮೇಡಂ?" ಆಟೋದವನ ಫೋನು.
ಆರನೆಯದು, ರಾಜಾಜಿನಗರ ಆರನೆಯದು, ಅಂದೆ.
ಅವನು ಮೂರರಲ್ಲಿ ಕಾಯುತ್ತಿದ್ದ.
ಅಪ್ಪನ ಅಂಗಿ ಬೆನ್ನಿಗೆ ಅಂಟಿತ್ತು.
ನವರಂಗ್ ಹತ್ತಿರ ಮೆರವಣಿಗೆಯೋ ಮೋರಿ ಕೆಲಸವೋ,
ರೋಡೇ ಬ್ಲಾಕು.

ಆಸ್ಪತ್ರೆ ಗೇಟಿನವನು ತಲೆ ಎತ್ತದೆ ಬೆರಳು ತೋರಿಸಿದ:
ಹಾರ್ಟಿಂದಾ? ಬಿ ಬ್ಲಾಕು. ಲಿಫ್ಟ್ ಕೆಟ್ಟಿದೆ.

ಡಾಕ್ಟರು ಪರದೆ ನಮ್ಮ ಕಡೆ ತಿರುಗಿಸಿದರು.
ಬೇರಿನಂಥ ಒಂದು ಚಿತ್ರ, ನಡುವೆ ಕಡಿದ ಹಾಗೆ.
"ಬ್ಲಾಕ್ ಇದೆ ಯಜಮಾನರೇ. ಎರಡು."
ಅಪ್ಪ ಕನ್ನಡಕ ಏರಿಸಿ, ಬಗ್ಗಿ ನೋಡಿ, ಕೇಳಿದ:
"ಲೈನೋ ಹಾಫ್‌ಟೋನೋ ಸಾರ್? ಸೈಜೆಷ್ಟು?"

ನಗಬಾರದು. ಮೂವತ್ತೆಂಟು ವರ್ಷ
ಬಳೇಪೇಟೆಯ ಗಲ್ಲಿಯಲ್ಲಿ ಸತುವಿನ ತಗಡು ಆಸಿಡ್ಡಿನಲ್ಲಿ ತೊಳೆದು
ಮರದ ತುಂಡಿಗೆ ಮೊಳೆ ಹೊಡೆದು ಕೊಟ್ಟವನು:
ಲಗ್ನಪತ್ರಿಕೆಯ ಗಣಪತಿ, ಬೀಡಿ ಲೇಬಲಿನ ನವಿಲು,
ವೈಕುಂಠ ಸಮಾರಾಧನೆಗೆ ಬೆಂಕಿಪೊಟ್ಟಣದಷ್ಟು ಮುಖ.
ಪಿಳ್ಳಪ್ಪನ ಬ್ಲಾಕೆಂದರೆ
ಮೂಗುಬೊಟ್ಟಿನ ಹರಳು ಎಣಿಸಬಹುದಿತ್ತಂತೆ.
ಅವನ ಬ್ಲಾಕು ಒಳಗೆ ಕಟ್ಟಿಕೊಳ್ಳುವುದಲ್ಲ,
ಒತ್ತಿದರೆ ಹೊರಗೆ ಮೂಡುವುದು.

ಅಜ್ಜಿಗೆ ಹೇಳಬೇಕಿತ್ತು.
ಬ್ಲಾಕಂತೆ ಅಜ್ಜಿ, ಅಂದೆ ಫೋನಿನಲ್ಲಿ.
"ಟಾಕೀಸ್ ಮುಂದೆ ಟಿಕೇಟು ಮಾರ್ತಾರಲ್ಲ, ಅದಾ?"
ಅಲ್ಲ, ಅಡಚಣೆ.
"ಯಾರ್ಗೆ?"
ತಡೆ, ಅಜ್ಜಿ, ತಡೆ.
"ತಡೆ ಒಡೆಸಿದ್ರಾಯ್ತು, ನಿಂಬೆಹಣ್ಣು ತರ್ಸು."
ಅವರೋಧ ಅನ್ನಲು ಬಾಯಿ ತೆರೆದು ಮುಚ್ಚಿದೆ.
ಕೊನೆಗೆ, ಬಚ್ಚಲ ತೂಬಿಗೆ ಕೂದಲು ಸಿಕ್ಕೊಂಡ್ರೆ ನೀರು ನಿಲ್ಲತ್ತಲ್ಲ,
ಹಂಗೆ, ಅಂದೆ.
ಆ ಕಡೆ ಬಹಳ ಹೊತ್ತು ಕುಕ್ಕರಿನ ಸದ್ದು ಮಾತ್ರ.
"ಬೂಚು ಬಿದ್ದೈತೆ ಅನ್ನು."

ಇಪ್ಪತ್ತು ಪುಟದ ರಿಪೋರ್ಟಿನಲ್ಲಿ ಆ ಪದವಿರಲಿಲ್ಲ.

"ಕದಿರಪ್ಪಂಗೆ ಹೇಳ್ದೇನೇ?" ಅಂದಳು ಆಮೇಲೆ, ಮೆಲ್ಲಗೆ.

ಅಪ್ಪನ ಫೋನು ನನ್ನ ಚೀಲದಲ್ಲಿತ್ತು,
ಅವನ ಉಂಗುರ, ಬೆಳ್ಳಿ ಉಡಿದಾರದ ಜೊತೆ.
ಅಂಗಡಿ ಮಾರಿದ ವರ್ಷ, ಪಾಲಿನ ಜಗಳದ ರಾತ್ರಿ,
ಹೇಗೆಂದು ತೋರಿಸಿಕೊಟ್ಟವಳು ನಾನೇ:
ಇಲ್ಲೊತ್ತು, ಇಲ್ಲೊತ್ತು, ಹೂಂ ಅನ್ನು.
"ಇಷ್ಟೇನಾ?" ಅಂದಿದ್ದ ಅಪ್ಪ,
"ಒಂದು ಬ್ಲಾಕ್ ಮಾಡಕ್ಕೆ ನಂಗೆ ಮೂರು ದಿನ ಹಿಡಿಯೋದು."

ಮೆಟ್ಟಿಲ ಮೇಲೆ ಕೂತು ಚಿಕ್ಕಪ್ಪನ ಹೆಸರು ಹುಡುಕಿದೆ. ಬಿಡಿಸಿದೆ.
ಏನೂ ಬರಲಿಲ್ಲ.
ನಾಲ್ಕು ವರ್ಷದಲ್ಲಿ ಕಳಿಸಿದ್ದರೆ ಕಳಿಸಿದ್ದು,
ಯುಗಾದಿಯ ಶುಭಾಶಯ, ಮಗಳ ನಿಶ್ಚಿತಾರ್ಥ, ಒಂದು ಬೈಗುಳ,
ಅಡ್ಡ ತೆಗೆದರೂ ಹಳೆಯದು ಹರಿದು ಬರುವುದಿಲ್ಲ ಅಲ್ಲಿ.
ಬಲೂನು ಬಿಟ್ಟರೆ ರಕ್ತಕ್ಕೆ ದಾರಿ ಗೊತ್ತಮ್ಮ, ಅಂದಿದ್ದರು ಡಾಕ್ಟರು,
ಸ್ಟೆಂಟಿನ ಬೆಲೆ ಬರೆಯುತ್ತ.
ಇದಕ್ಕೆ ಬಲೂನು ಸಿಗುವುದೆಲ್ಲಿ?
ನಾನೇ ಬರೆದೆ: ಚಿಕ್ಕಪ್ಪಾ, ಬಿ ಬ್ಲಾಕು, ಎರಡನೇ ಮಹಡಿ.
ಮುಂದೇನು ಬರೆಯಬೇಕೋ ತೋಚದೆ ಅಷ್ಟನ್ನೇ ಕಳಿಸಿದೆ.

ಒಳಗೆ ಅಪ್ಪ. ಹಸಿರು ಅಂಗಿ, ತಣ್ಣನೆ ಪಾದ.
ಗಾಜಿನ ಬಾಗಿಲಿಗೆ ಹೊರಗಿಂದ ಅಂಟಿಸಿದ ಅಕ್ಷರ
ಮಂಚದಲ್ಲಿದ್ದವರಿಗೆ ಉಲ್ಟಾ.
ಪಕ್ಕದವರು ಕತ್ತು ಓರೆ ಮಾಡಿ ಸೋತು ಮಲಗಿದ್ದರು.
ಅಪ್ಪ ಓದಿದ, ಬಲದಿಂದ ಎಡಕ್ಕೆ, ಎಲ್ಲೂ ಎಡವದೆ:
"ಒಮ್ಮೆಗೆ ಒಬ್ಬರಿಗೆ ಮಾತ್ರ ಪ್ರವೇಶ."
'ಪ್ರ' ಒತ್ತು ಸವೆದೈತೆ, ಅಂದ.
ಒಂದು ಗಳಿಗೆ ಬಾಗಿಲನ್ನೇ ನೋಡಿ,
"ಯಾರು ಬರ್ತಾವ್ರೆ?"